ಶಿರಾಡಿ ಘಾಟಿ ಇಳಿಯುವಾಗ ಒಂದು ಲೆಕ್ಕ, ಹತ್ತುವಾಗ ಇನ್ನೊಂದು: ವಿದ್ಯುತ್ ಕಾರಿನ ಮೈಲೇಜ್ ಎಲ್ಲಿ ಹೋಗುತ್ತದೆ?

ಬೆಂಗಳೂರಿನಿಂದ ಮಂಗಳೂರಿಗೆ ವಿದ್ಯುತ್ ಕಾರಿನಲ್ಲಿ ಹೋಗಿ ಬಂದವರನ್ನು ಕೇಳಿ ನೋಡಿ. ‘ಹೋಗುವಾಗ ಚೆನ್ನಾಗಿ ಬಂತು, ಬರುವಾಗ ಯಾಕೋ ಚಾರ್ಜ್ ಬೇಗ ಖಾಲಿಯಾಯ್ತು’ ಎನ್ನುತ್ತಾರೆ. ಬ್ಯಾಟರಿಯಲ್ಲೇ ಏನೋ ಐಬಿದೆ ಎಂದುಕೊಂಡು ಸರ್ವಿಸ್ ಸೆಂಟರಿಗೆ ಒಯ್ಯುವವರೂ ಇದ್ದಾರೆ. ಕಾರಣ ಇರುವುದು ರಸ್ತೆಯಲ್ಲಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಸನ, ಸಕಲೇಶಪುರದವರೆಗೂ ಹೆದ್ದಾರಿ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಸಾಗುತ್ತದೆ. ದೋಣಿಗಾಲ್ ದಾಟಿ ಶಿರಾಡಿ ಘಾಟಿಗೆ ಇಳಿದ ಮೇಲೆ, ಗುಂಡ್ಯ ತಲುಪುವಷ್ಟರಲ್ಲಿ ಆ ಎತ್ತರದ ಬಹುಪಾಲು ಕರಗಿಹೋಗಿರುತ್ತದೆ. ವಾಪಸ್ ಬರುವಾಗ ಅಷ್ಟನ್ನೂ ಹತ್ತಬೇಕು.

ಲೆಕ್ಕ ಹಾಕೋಣ. ಕಾರು, ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಸೇರಿ 1,800 ಕೆ.ಜಿ. ಎಂದಿಟ್ಟುಕೊಳ್ಳಿ. ಇಷ್ಟು ತೂಕವನ್ನು 900 ಮೀಟರ್ ಮೇಲೆತ್ತಲು ಸುಮಾರು 4.4 ಕಿಲೊವ್ಯಾಟ್-ಅವರ್ ಶಕ್ತಿ ಬೇಕು. ಕರೆಂಟ್ ಬಿಲ್ಲಿನ ಭಾಷೆಯಲ್ಲಿ 4.4 ಯೂನಿಟ್. ಮೋಟರು, ಗೇರು, ಇನ್ವರ್ಟರುಗಳಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ 5 ಯೂನಿಟ್ ಹೊರಬೀಳುತ್ತದೆ. ಇಳಿಯುವಾಗ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಮೋಟರೇ ಡೈನಮೊ ಆಗುತ್ತದೆ. ಹಳೆಯ ಸೈಕಲ್ಲಿನಲ್ಲಿ ಟೈರಿಗೆ ಉಜ್ಜಿಕೊಂಡು ದೀಪ ಉರಿಸುತ್ತಿತ್ತಲ್ಲ, ಅದೇ ಕೆಲಸ. ಇಲ್ಲಿ ಕರೆಂಟು ದೀಪದ ಬದಲು ಬ್ಯಾಟರಿಗೆ ಹೋಗುತ್ತದೆ. ಆದರೂ ಇಡೀ 4.4 ಯೂನಿಟ್ ಮರಳಿ ಸಿಗುವುದಿಲ್ಲ, 3ರ ಆಸುಪಾಸು ಸಿಕ್ಕರೆ ಒಳ್ಳೆಯದೇ. ಹತ್ತುವಾಗ 5 ಹೋಯಿತು, ಇಳಿಯುವಾಗ 3 ಉಳಿಯಿತು. ಎರಡು ಪ್ರಯಾಣಗಳ ನಡುವೆ 8 ಯೂನಿಟ್ ವ್ಯತ್ಯಾಸ. ಮಧ್ಯಮ ಗಾತ್ರದ ಕಾರು ಅಷ್ಟರಲ್ಲಿ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಓಡುತ್ತದೆ.

ಇದಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮ ಮಡಿಕೇರಿ, ಚಿಕ್ಕಮಗಳೂರಿನ ಕಡೆಯವರಿಗೆ ಗೊತ್ತಿರಬೇಕು. ರಾತ್ರಿಯಿಡೀ ಚಾರ್ಜ್ ಮಾಡಿ, ಬೆಳಿಗ್ಗೆ ಶೇ 100 ತುಂಬಿದ ಬ್ಯಾಟರಿಯೊಂದಿಗೆ ಘಾಟಿ ಇಳಿಯಲು ಹೊರಟರೆ ಮೋಟರು ಹುಟ್ಟಿಸುವ ಕರೆಂಟಿಗೆ ಹೋಗಲು ಜಾಗವೇ ಇರುವುದಿಲ್ಲ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ. ಹಾಗಾಗಿ ಕಾರಿನ ಕಂಪ್ಯೂಟರು ಆ ಮರುಚಾರ್ಜನ್ನು ಕಡಿತಗೊಳಿಸುತ್ತದೆ. ಶಕ್ತಿಯೂ ನಷ್ಟ, ಇಳಿಜಾರಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುವ ಹೊಣೆಯೆಲ್ಲ ಸಾಮಾನ್ಯ ಬ್ರೇಕಿನ ಮೇಲೇ ಬೀಳುತ್ತದೆ. ಬೆಟ್ಟದ ಮೇಲಿನ ಮನೆಯಿಂದ ಇಳಿಯುವವರು ಶೇ 85–90ಕ್ಕೆ ಚಾರ್ಜ್ ನಿಲ್ಲಿಸುವುದು ಜಾಣತನ.

ಘಾಟಿಯ ಈ ಲೆಕ್ಕದಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ವಿದ್ಯುತ್ ಕಾರಿನ ರೇಂಜ್, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ, ಕಾರಿಗೆ ಅಂಟಿಕೊಂಡ ಗುಣ ಎಂದು ನಾವು ನಂಬಿದ್ದೇವೆ, ಶೋರೂಮಿನಲ್ಲಿ ಆ ಒಂದೇ ಸಂಖ್ಯೆ ನೋಡಿ ಲಕ್ಷಗಟ್ಟಲೆ ರೂಪಾಯಿಯ ತೀರ್ಮಾನ ಮಾಡುತ್ತೇವೆ. ನನ್ನ ಪ್ರಕಾರ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಬೇರೆ. ಪೆಟ್ರೋಲ್ ಕಾರಿಗೆ ‘ಟ್ಯಾಂಕ್ ತುಂಬಿದರೆ ಎಷ್ಟು ದೂರ ಹೋಗುತ್ತೆ’ ಎಂದು ಯಾರೂ ಕೇಳುವುದಿಲ್ಲ, ‘ಲೀಟರಿಗೆ ಎಷ್ಟು ಕೊಡುತ್ತೆ’ ಎಂದೇ ಕೇಳುವುದು. ಇಲ್ಲೂ ಹಾಗೆಯೇ ಕೇಳಬೇಕು: ನೂರರ ವೇಗದಲ್ಲಿ ಯೂನಿಟ್ಟಿಗೆ ಎಷ್ಟು ಕಿಲೋಮೀಟರ್?

ಟಾಟಾ ನೆಕ್ಸಾನ್ ಇವಿಯನ್ನೇ ತೆಗೆದುಕೊಳ್ಳಿ. 45 ಯೂನಿಟ್ ಬ್ಯಾಟರಿಯ ಮಾದರಿಗೆ ಪರೀಕ್ಷೆಯಲ್ಲಿ ಸಿಕ್ಕ ಅಧಿಕೃತ ರೇಂಜ್ 489 ಕಿ.ಮೀ. ಭಾಗಿಸಿದರೆ ಯೂನಿಟ್ಟಿಗೆ ಹೆಚ್ಚುಕಡಿಮೆ 11 ಕಿ.ಮೀ. ಅದೇ ಕಂಪನಿ ‘ಸಿ75’ ಎಂಬ ಇನ್ನೊಂದು ಸಂಖ್ಯೆಯನ್ನೂ ಕೊಡುತ್ತದೆ, ಗ್ರಾಹಕರಲ್ಲಿ ಮುಕ್ಕಾಲು ಪಾಲು ಜನರಿಗೆ ನಿಜಕ್ಕೂ ಸಿಗುವ ದೂರ ಎಂದು. ಅದು 350–370 ಕಿ.ಮೀ. ಅಂದರೆ ಯೂನಿಟ್ಟಿಗೆ 8. ಇಂಥ ಸಂಖ್ಯೆಯನ್ನು ಕಂಪನಿಯೇ ಮುಂದೆ ಬಂದು ಕೊಟ್ಟದ್ದು ಒಳ್ಳೆಯ ಕೆಲಸ, ಎಲ್ಲರೂ ಅನುಸರಿಸಬೇಕಾದದ್ದು. ಆದರೆ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಇವತ್ತಿಗೂ ದೊಡ್ಡ ಸಂಖ್ಯೆಯೇ.

ಆ ದೊಡ್ಡ ಸಂಖ್ಯೆ ಸುಳ್ಳಲ್ಲ. ಅದು ಬೇರೆಯದೇ ಪ್ರಯಾಣದ ಸಂಖ್ಯೆ. ನಮ್ಮಲ್ಲಿ ಕಾರುಗಳನ್ನು ಅಳೆಯುವ ಪರೀಕ್ಷೆ ಪ್ರಯೋಗಾಲಯದೊಳಗೆ, ಉರುಳೆಗಳ ಮೇಲೆ, ಹದವಾದ ಉಷ್ಣತೆಯಲ್ಲಿ, ಎ.ಸಿ. ಆರಿಸಿ ನಡೆಯುತ್ತದೆ. ನಗರದ ಭಾಗದಲ್ಲಿ ಗರಿಷ್ಠ ವೇಗ 50, ಹೊರವಲಯದ ಭಾಗದಲ್ಲಿ 90. ವೇಗ ಹೆಚ್ಚಿಸುವುದೂ ನಿಧಾನ, ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ಯುವಾಗಿನ ಹಾಗೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮಿತಿಯೇ ನೂರು. ಅಲ್ಲಿ ಎ.ಸಿ. ಹಾಕಿಕೊಂಡು ನಾಲ್ಕು ಜನ ಹೋಗುವಾಗ ಪರೀಕ್ಷೆಯ ಸಂಖ್ಯೆ ಸಿಗಬೇಕೆಂದು ಬಯಸಿದರೆ ಹೇಗೆ?

ವೇಗ ಏನು ಮಾಡುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬ್ಯಾಟರಿ, ಮೋಟರು ಎರಡಕ್ಕಿಂತ ಹೆಚ್ಚಾಗಿ ರೇಂಜನ್ನು ತಿನ್ನುವುದು ಇದೇ. ಓಡುವ ಕಾರಿಗೆ ಎದುರಾಳಿಗಳು ಇಬ್ಬರು. ಒಂದು, ಟೈರು ರಸ್ತೆಗೆ ಒತ್ತಿ ಉರುಳುವಾಗಿನ ತಡೆ. ಅದು ತೂಕವನ್ನು ಅವಲಂಬಿಸಿದೆ, ವೇಗ ಹೆಚ್ಚಿದರೂ ಅಷ್ಟಾಗಿ ಬದಲಾಗುವುದಿಲ್ಲ. ಇನ್ನೊಂದು ಗಾಳಿ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ನಮ್ಮ ರಸ್ತೆಗಳಲ್ಲಿ ಕಾಣುವ ಮಧ್ಯಮ ಎಸ್‌ಯುವಿ ಆಕಾರಕ್ಕೆ ನಾನು ಹಾಕಿದ ಲೆಕ್ಕ ಹೀಗಿದೆ. ಸಮತಟ್ಟಾದ ರಸ್ತೆಯಲ್ಲಿ, ಎ.ಸಿ. ಹಾಕಿಕೊಂಡು, ಒಂದೇ ಸಮನೆ 60ರ ವೇಗದಲ್ಲಿ ಓಡಿಸಿದರೆ ಯೂನಿಟ್ಟಿಗೆ ಸುಮಾರು 9 ಕಿ.ಮೀ. ಬರುತ್ತದೆ. 80ರಲ್ಲಿ 7. ನೂರರಲ್ಲಿ 6ಕ್ಕೂ ಸ್ವಲ್ಪ ಕಡಿಮೆ. 120ರಲ್ಲಿ ನಾಲ್ಕೂವರೆ. ಅದೇ ಬ್ಯಾಟರಿ, ಅದೇ ಮೋಟರು. 45 ಯೂನಿಟ್ಟಿನ ಕಾರು ಒಬ್ಬರಿಗೆ 400 ಕಿ.ಮೀ. ಕೊಡುತ್ತದೆ, ಮತ್ತೊಬ್ಬರಿಗೆ 200. ಇಬ್ಬರೂ ಹೇಳುವುದು ನಿಜ.

ಪೆಟ್ರೋಲ್ ಕಾರು ಓಡಿಸಿ ರೂಢಿಯಾದವರಿಗೆ ಇಲ್ಲೊಂದು ಗೊಂದಲ. ‘ಹೈವೇಯಲ್ಲಿ ಮೈಲೇಜ್ ಜಾಸ್ತಿ, ಸಿಟಿಯಲ್ಲಿ ಕಮ್ಮಿ’ ಎನ್ನುವುದು ಅವರ ಅನುಭವ. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನಿಂತಾಗಲೂ ಎಂಜಿನ್ನು ಪೆಟ್ರೋಲ್ ಕುಡಿಯುತ್ತದೆ, ನಿಧಾನ ವೇಗದಲ್ಲಿ ಅದರ ದಕ್ಷತೆ ತೀರಾ ಕೆಳಗಿಳಿಯುತ್ತದೆ. ವಿದ್ಯುತ್ ಮೋಟರಿಗೆ ಈ ಎರಡು ರೋಗವೂ ಇಲ್ಲ. ನಿಂತಾಗ ಅದು ತಿನ್ನುವುದು ಸೊನ್ನೆ, ಬ್ರೇಕ್ ಹಾಕಿದಾಗ ಒಂದಷ್ಟು ಮರಳಿಸುತ್ತದೆ, ನಗರದ ವೇಗದಲ್ಲಿ ಗಾಳಿಯ ಕಾಟವೂ ಇಲ್ಲ. ಹಾಗಾಗಿ ಇಲ್ಲಿ ಎಲ್ಲವೂ ತಲೆಕೆಳಗು: ಸಿಟಿಯಲ್ಲಿ ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ. ದೂರದ ಊರಿಗೆ ಹೋಗುವಾಗಲೇ ರೇಂಜ್ ಬೇಕಾಗುವುದು, ಆಗಲೇ ಅದು ಕುಗ್ಗುವುದು. ಜನ ಮೋಸ ಹೋದೆವು ಎಂದುಕೊಳ್ಳುವುದು ಇದೇ ಜಾಗದಲ್ಲಿ.

ಈಗ ಸ್ವಲ್ಪ ಹಿಂದೆ ಹೋಗೋಣ. 2001ರಲ್ಲಿ ಬೆಂಗಳೂರಿನ ಬೊಮ್ಮಸಂದ್ರದಿಂದ ಒಂದು ಪುಟ್ಟ ಕಾರು ಹೊರಬಂತು. ಚೇತನ್ ಮೈನಿ ಅವರ ರೇವಾ. ಡಿಸಿ ಮೋಟರು, 6 ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿಗಳು, ಒಟ್ಟು ಸುಮಾರು 9.6 ಯೂನಿಟ್ ಸಾಮರ್ಥ್ಯ, ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಓಟ. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಮುಂದೆ 2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರ ಕೈಸೇರಿತು. ಈಗ ಭಾಗಿಸಿ ನೋಡಿ: ಯೂನಿಟ್ಟಿಗೆ 8 ಕಿ.ಮೀ. ಇಂದಿನ ಕಾರಿಗೆ ನಿಜಜೀವನದಲ್ಲಿ ಸಿಗುತ್ತಿರುವುದೂ ಅದೇ 8. ರೇವಾ ಬ್ಯಾಟರಿ ಸೇರಿ 700 ಕೆ.ಜಿ. ಆಸುಪಾಸಿನ ಎರಡು ಬಾಗಿಲ ಕಾರು. ಇಂದಿನದು ಅದರ ಎರಡು ಪಟ್ಟು ಭಾರ, ಎರಡು ಪಟ್ಟು ವೇಗ, ಸುರಕ್ಷತೆಯಲ್ಲಿ ಹೋಲಿಕೆಯೇ ಇಲ್ಲ. ಆ ಹೆಚ್ಚಿನ ಭಾರವನ್ನೂ ವೇಗವನ್ನೂ ಹೊತ್ತುಕೊಂಡು ಮೈಲೇಜನ್ನು ಅಲ್ಲೇ ಉಳಿಸಿಕೊಂಡದ್ದು ತಂತ್ರಜ್ಞಾನದ ಸಾಧನೆ ನಿಜ. ಆದರೆ ರೇಂಜ್ 80ರಿಂದ 350ಕ್ಕೆ ಏರಿದ್ದು ಬ್ಯಾಟರಿ ದೊಡ್ಡದಾದ್ದರಿಂದ, ಬ್ಯಾಟರಿ ದೊಡ್ಡದಾದದ್ದು ಅಗ್ಗವಾದ್ದರಿಂದ. 2010ರಲ್ಲಿ ಒಂದು ಯೂನಿಟ್ ಶಕ್ತಿ ಹಿಡಿದಿಡುವ ಲಿಥಿಯಂ ಬ್ಯಾಟರಿ ಸಾವಿರ ಡಾಲರಿಗೂ ದುಬಾರಿಯಾಗಿತ್ತು. ಬ್ಲೂಮ್‌ಬರ್ಗ್‌ನ ವಾರ್ಷಿಕ ಸಮೀಕ್ಷೆ ಪ್ರಕಾರ 2024ರಲ್ಲಿ ಅದು ಸರಾಸರಿ 115 ಡಾಲರಿಗೆ ಇಳಿದಿತ್ತು.

ಹಾಗಾದರೆ ಹೊಸ ಹೊಸ ಮೋಟರುಗಳಿಂದ ರೇಂಜ್ ಹೆಚ್ಚುವುದಿಲ್ಲವೇ ಎಂದು ಕೇಳಬಹುದು. ಹೆಚ್ಚಲು ಜಾಗವೇ ಕಡಿಮೆ. ಒಳ್ಳೆಯ ವಿದ್ಯುತ್ ಮೋಟರು ತನ್ನ ಉತ್ತಮ ಸ್ಥಿತಿಯಲ್ಲಿ ಶೇ 95ರಷ್ಟು ಕರೆಂಟನ್ನು ಚಲನೆಯಾಗಿ ಬದಲಿಸುತ್ತದೆ. ಇನ್ವರ್ಟರು, ಗೇರುಗಳ ನಷ್ಟ ಕಳೆದರೂ ಬ್ಯಾಟರಿಯಿಂದ ಹೊರಟ ನೂರರಲ್ಲಿ 85–90 ಭಾಗ ಚಕ್ರ ತಲುಪುತ್ತದೆ. ಪೆಟ್ರೋಲ್ ಕಾರಿನಲ್ಲಿ ತಲುಪುವುದು ಕಾಲು ಭಾಗದಷ್ಟು. ನಾಳೆ ಯಾರೋ ಒಂದಿಷ್ಟೂ ನಷ್ಟವಿಲ್ಲದ ಮೋಟರು ಕಂಡುಹಿಡಿದರೂ ರೇಂಜ್ ಹೆಚ್ಚುವುದು ಶೇ 10ರ ಸುತ್ತಮುತ್ತ ಮಾತ್ರ. 100ರ ಬದಲು 90ರಲ್ಲಿ ಓಡಿಸಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ‘ಕ್ರಾಂತಿಕಾರಿ ಮೋಟರ್, ರೇಂಜ್ ದುಪ್ಪಟ್ಟು’ ಎಂಬಂಥ ತಲೆಬರಹ ಕಂಡರೆ ಈ ಶೇ 10ನ್ನು ನೆನಪಿಸಿಕೊಳ್ಳಿ.

ಆದರೂ ಮೋಟರಿನ ಕತೆ ಈಗ ಹಿಂದೆಂದಿಗಿಂತ ಮುಖ್ಯವಾಗಿದೆ, ಕಾರಣ ಬೇರೆ. ಇಂದಿನ ವಿದ್ಯುತ್ ಕಾರುಗಳ ಮೋಟರುಗಳ ತಿರುಳು ಒಂದೇ: ಹೊರಗಿನ ತಾಮ್ರದ ಸುರುಳಿಗಳಲ್ಲಿ ಕರೆಂಟು ಹರಿದು ಸುತ್ತುವ ಕಾಂತಕ್ಷೇತ್ರ ಹುಟ್ಟುತ್ತದೆ, ಒಳಗಿನ ಉರುಳೆ ಅದರ ಬೆನ್ನುಹತ್ತಿ ತಿರುಗುತ್ತದೆ. ಒಳಗಿನ ಉರುಳೆಗೆ ಕಾಂತಶಕ್ತಿ ಎಲ್ಲಿಂದ ಬರುತ್ತದೆ ಎನ್ನುವುದರಲ್ಲೇ ಭೇದ. ಇಂಡಕ್ಷನ್ ಮೋಟರಿನಲ್ಲಿ ಹೊರಗಿನ ಕ್ಷೇತ್ರವೇ ಒಳಗೆ ಕರೆಂಟನ್ನು ಪ್ರೇರೇಪಿಸುತ್ತದೆ. ನಿಕೋಲಾ ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೇ, ನಮ್ಮ ಹೊಲಗಳಲ್ಲಿ ನೀರೆತ್ತುವ ಪಂಪ್‌ಸೆಟ್ಟಿನಲ್ಲಿ ಇರುವುದೂ ಇದೇ. 2012ರ ಟೆಸ್ಲಾ ಮಾಡೆಲ್ ಎಸ್ ಕೂಡ ಇದನ್ನೇ ನೆಚ್ಚಿಕೊಂಡಿತ್ತು. ಗಟ್ಟಿಮುಟ್ಟು, ಆದರೆ ಒಳಗಿನ ಉರುಳೆಯಲ್ಲೂ ಕರೆಂಟು ಹರಿಯುವುದರಿಂದ ಅಲ್ಲಿ ಶಾಖ, ಶಾಖವೆಂದರೆ ನಷ್ಟ.

ಇನ್ನೊಂದು ಬಗೆಯಲ್ಲಿ ಒಳಗಿನ ಉರುಳೆಗೆ ಶಾಶ್ವತ ಅಯಸ್ಕಾಂತಗಳನ್ನೇ ಕೂರಿಸುತ್ತಾರೆ. ಅಲ್ಲಿ ಕರೆಂಟೂ ಬೇಡ, ಆ ಶಾಖವೂ ಇಲ್ಲ. ಗಾತ್ರ ಚಿಕ್ಕದು, ದಕ್ಷತೆ ಹೆಚ್ಚು. 2017ರ ಮಾಡೆಲ್ 3ರಲ್ಲಿ ಟೆಸ್ಲಾ ಕಂಪನಿಯೇ ಈ ಕಡೆ ವಾಲಿತು. ನಮ್ಮಲ್ಲಿ ಇಂದು ಮಾರಾಟವಾಗುವ ವಿದ್ಯುತ್ ಕಾರು, ಸ್ಕೂಟರುಗಳಲ್ಲಿ ಬಹುತೇಕ ಇದೇ. 2025ರಲ್ಲಿ ಬಂದ ಟಾಟಾ ಹ್ಯಾರಿಯರ್ ಇವಿಯ ನಾಲ್ಕೂ ಚಕ್ರ ತಿರುಗಿಸುವ ಮಾದರಿಯಲ್ಲಿ ಎರಡೂ ಬಗೆ ಇವೆ: ಹಿಂದೆ ಅಯಸ್ಕಾಂತದ ಮೋಟರು, ಮುಂದೆ ಇಂಡಕ್ಷನ್. ಇದರ ಹಿಂದೆ ಒಳ್ಳೆಯ ತರ್ಕವಿದೆ. ಅಯಸ್ಕಾಂತದ ಮೋಟರಿಗೆ ಕರೆಂಟು ಕೊಡದೆ ಸುಮ್ಮನೆ ತಿರುಗಲು ಬಿಟ್ಟರೂ ಅದು ಎಳೆಯುತ್ತಲೇ ಇರುತ್ತದೆ, ಅಯಸ್ಕಾಂತವನ್ನು ಆರಿಸಲಾಗುವುದಿಲ್ಲವಲ್ಲ. ಇಂಡಕ್ಷನ್ ಮೋಟರನ್ನು ಆರಿಸಿದರೆ ಅದು ಹಗುರವಾಗಿ ತಿರುಗುತ್ತದೆ. ಬೇಕಾದಾಗ ಮಾತ್ರ ಎಬ್ಬಿಸುವ ಎರಡನೇ ಮೋಟರಿಗೆ ಅದೇ ಸರಿ.

ತೊಡಕು ಇರುವುದು ಆ ಅಯಸ್ಕಾಂತದಲ್ಲಿ. ಅದು ನಿಯೋಡಿಮಿಯಂ, ಕಬ್ಬಿಣ, ಬೋರಾನ್‌ಗಳ ಮಿಶ್ರಣ. 1980ರ ದಶಕದ ಮೊದಲ ಭಾಗದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟರ್ಸ್‌ನ ತಂಡ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಬಿಸಿಯಾದರೆ ಇದರ ಕಾಂತಶಕ್ತಿ ಕುಂದುತ್ತದೆ. ಮೋಟರಿನೊಳಗಿನ ಬಿಸಿ ತಾಳಿಕೊಳ್ಳಲು ಡಿಸ್ಪ್ರೋಸಿಯಂ, ಟರ್ಬಿಯಂ ಎಂಬ ಇನ್ನೂ ವಿರಳವಾದ ಲೋಹಗಳನ್ನು ಚಿಟಿಕೆಯಷ್ಟು ಬೆರೆಸಬೇಕು. ಒಂದು ಕಾರಿಗೆ ಬೇಕಾಗುವ ಅಯಸ್ಕಾಂತ ಒಂದೆರಡು ಕೆ.ಜಿ. ಮಾತ್ರ. ಆದರೆ ಜಗತ್ತಿನ ಇಂಥ ಅಯಸ್ಕಾಂತಗಳಲ್ಲಿ ಹೆಚ್ಚಿನವು ಚೀನಾದಲ್ಲಿ ತಯಾರಾಗುತ್ತವೆ. 2025ರ ಏಪ್ರಿಲ್‌ನಲ್ಲಿ ಚೀನಾ ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ‘ರೇರ್ ಅರ್ತ್’ ಎಂಬ ಗುಂಪಿನ ಏಳು ಲೋಹಗಳ ಮತ್ತು ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಕೆಲವೇ ವಾರಗಳಲ್ಲಿ ನಮ್ಮ ವಾಹನ ಕಂಪನಿಗಳು ಉತ್ಪಾದನೆ ಕುಂಠಿತವಾಗುವ ಎಚ್ಚರಿಕೆ ಕೊಡತೊಡಗಿದವು. ಕೆಲವು ಲಕ್ಷ ರೂಪಾಯಿಯ ಬ್ಯಾಟರಿ ಸಿದ್ಧವಿದ್ದು, ಕೈಯಲ್ಲಿ ಹಿಡಿಯುವಷ್ಟು ಅಯಸ್ಕಾಂತ ಇಲ್ಲದೆ ಕಾರು ನಿಲ್ಲುವ ಸ್ಥಿತಿ.

ನೋವಿನ ಸಂಗತಿಯೆಂದರೆ ಮೂಲ ಖನಿಜ ನಮ್ಮಲ್ಲಿದೆ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿ, ಒಡಿಶಾದ ಕರಾವಳಿಯ ಮರಳಿನಲ್ಲಿ ಈ ಲೋಹಗಳಿರುವ ಮೋನಜೈಟ್ ಖನಿಜ ಇದೆ, ಸಾರ್ವಜನಿಕ ವಲಯದ ಐಆರ್‌ಇಎಲ್ ದಶಕಗಳಿಂದ ಈ ಕೆಲಸದಲ್ಲಿದೆ. ಮರಳಿನಿಂದ ಆಕ್ಸೈಡ್, ಆಕ್ಸೈಡಿನಿಂದ ಲೋಹ, ಲೋಹದಿಂದ ಮಿಶ್ರಲೋಹ, ಕೊನೆಗೆ ಅಯಸ್ಕಾಂತ ಎನ್ನುವ ಸರಪಳಿಯ ಕೊನೆಯ ಕೊಂಡಿಗಳನ್ನು ನಾವು ದೊಡ್ಡ ಪ್ರಮಾಣದಲ್ಲಿ ಬೆಸೆಯಲೇ ಇಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಸುವ ಸಾಮರ್ಥ್ಯ ಕಟ್ಟಲು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಎದ್ದು ನಿಲ್ಲಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಅಯಸ್ಕಾಂತವನ್ನೇ ಬಿಟ್ಟುಬಿಡುವ ದಾರಿಯೂ ಇದೆ. ರೆನೊ ಕಂಪನಿಯ ಜೋಯಿ, ಬಿಎಂಡಬ್ಲ್ಯುನ ಇತ್ತೀಚಿನ ವಿದ್ಯುತ್ ಕಾರುಗಳು ಒಳಗಿನ ಉರುಳೆಗೂ ತಾಮ್ರದ ತಂತಿ ಸುತ್ತಿ ಕರೆಂಟು ಹರಿಸುತ್ತವೆ. ಬೆಂಗಳೂರಿನ ಚಾರಾ ಟೆಕ್ನಾಲಜೀಸ್ ರೇರ್ ಅರ್ತ್ ಇಲ್ಲದ ಮೋಟರುಗಳನ್ನು ರೂಪಿಸುತ್ತಿದೆ. ಇಂಥ ಮೋಟರುಗಳಲ್ಲಿ ಗಾತ್ರ ಸ್ವಲ್ಪ ಹೆಚ್ಚಾಗಬಹುದು, ದಕ್ಷತೆಯಲ್ಲಿ ಒಂದೆರಡು ಅಂಶ ಕಡಿಮೆಯಾಗಬಹುದು. ರೇಂಜಿನಲ್ಲಿ ಹತ್ತು ಕಿಲೋಮೀಟರ್ ಕಳೆದುಕೊಂಡು, ಒಂದೇ ದೇಶದ ಪರವಾನಗಿಗೆ ಕಾಯುವ ಪಾಡು ತಪ್ಪುವುದಾದರೆ ಅದು ಲಾಭದ ವ್ಯಾಪಾರ ಎಂದು ನಾನು ನಂಬುತ್ತೇನೆ.

ಕೊಳ್ಳುವವರ ದೊಡ್ಡ ಭಯ ಮೋಟರಿನದ್ದಲ್ಲ, ಬ್ಯಾಟರಿಯದ್ದು. ‘ಐದು ವರ್ಷಕ್ಕೆ ಬ್ಯಾಟರಿ ಹೋಗುತ್ತಂತೆ, ಹೊಸದಕ್ಕೆ ಅರ್ಧ ಕಾರಿನ ದುಡ್ಡಂತೆ.’ ರೇವಾ ಕಾಲದ ಲೆಡ್-ಆಸಿಡ್ ಬ್ಯಾಟರಿಯನ್ನು ಕೆಲವೇ ವರ್ಷಕ್ಕೊಮ್ಮೆ ಬದಲಿಸಬೇಕಿತ್ತು, ಮೊಬೈಲ್ ಬ್ಯಾಟರಿ ಮೂರು ವರ್ಷಕ್ಕೆ ಸೊರಗುವುದನ್ನು ಎಲ್ಲರೂ ಕಂಡಿದ್ದಾರೆ. ಆ ಅನುಭವದಿಂದಲೇ ಈ ಭಯ. ಸಾವಿರಾರು ವಾಹನಗಳ ದತ್ತಾಂಶ ನೋಡಿದ ಕೆನಡಾದ ಜಿಯೊಟ್ಯಾಬ್ ಸಂಸ್ಥೆ 2020ರಲ್ಲಿ ವರ್ಷಕ್ಕೆ ಸರಾಸರಿ ಶೇ 2.3, 2024ರ ವಿಶ್ಲೇಷಣೆಯಲ್ಲಿ ಶೇ 1.8ರಷ್ಟು ಸಾಮರ್ಥ್ಯ ಕುಂದುತ್ತದೆ ಎಂದು ಹೇಳಿತು. ಆ ಗತಿಯಲ್ಲಿ ಎಂಟು ವರ್ಷಕ್ಕೆ ಶೇ 80ಕ್ಕಿಂತ ಹೆಚ್ಚೇ ಉಳಿಯುತ್ತದೆ. ಆದರೆ ಆ ವಾಹನಗಳಲ್ಲಿ ಹೆಚ್ಚಿನವು ತಂಪು ದೇಶಗಳವು. ಕಲಬುರಗಿಯ ಮೇ ತಿಂಗಳಿಗೆ ಆ ಸರಾಸರಿಯನ್ನು ಹಾಗೆಯೇ ತಂದು ಹಚ್ಚಲಾಗದು.

ಬ್ಯಾಟರಿ ಸವೆಯುವ ದಾರಿಗಳು ಎರಡು. ಚಾರ್ಜ್ ಆಗಿ ಖಾಲಿಯಾಗುವ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಸವೆತ. ಇನ್ನೊಂದು, ಸುಮ್ಮನೆ ನಿಂತಿದ್ದರೂ ಕಾಲ ಕಳೆದಂತೆ ಆಗುವ ಸವೆತ. ಒಳಗಿನ ಗ್ರಾಫೈಟ್ ಮೇಲೆ ತೆಳುವಾದ ಒಂದು ಪದರ ಬೆಳೆಯುತ್ತಲೇ ಇರುತ್ತದೆ, ಅದು ಲಿಥಿಯಂ ಅನ್ನು ಹಿಡಿದಿಟ್ಟುಕೊಂಡು ಮತ್ತೆ ಕೆಲಸಕ್ಕೆ ಬಿಡುವುದಿಲ್ಲ. ಯಾವುದು ಹೆಚ್ಚು ಎನ್ನುವುದು ನೀವು ಯಾರು ಎನ್ನುವುದರ ಮೇಲಿದೆ. ಮನೆಯ ಕಾರು ವರ್ಷಕ್ಕೆ 12,000 ಕಿ.ಮೀ. ಓಡಿದರೆ, ಒಂದು ಪೂರ್ತಿ ಚಾರ್ಜಿಗೆ 300 ಕಿ.ಮೀ. ಲೆಕ್ಕದಲ್ಲಿ ವರ್ಷಕ್ಕೆ 40 ಸುತ್ತು, ಹದಿನೈದು ವರ್ಷಕ್ಕೆ 600. ಒಳ್ಳೆಯ ಎಲ್‌ಎಫ್‌ಪಿ ಬ್ಯಾಟರಿ (ಅದೇನೆಂದು ಮುಂದೆ ಹೇಳುತ್ತೇನೆ) ಎರಡು ಸಾವಿರ ಸುತ್ತು ತಾಳುತ್ತದೆ. ಅಂದರೆ ಮನೆಯ ಕಾರಿನ ಬ್ಯಾಟರಿಯನ್ನು ಮುಪ್ಪಾಗಿಸುವುದು ಓಟಕ್ಕಿಂತ ಹೆಚ್ಚಾಗಿ ಬಿಸಿಲು ಮತ್ತು ಕಾಲ. ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ದಿನಕ್ಕೆ 300 ಕಿ.ಮೀ. ಓಡುವ ಟ್ಯಾಕ್ಸಿಯ ಕತೆ ತಿರುಗುಮುರುಗು: ವರ್ಷಕ್ಕೇ 300 ಸುತ್ತು, ಅದೂ ಫಾಸ್ಟ್ ಚಾರ್ಜರಿನಲ್ಲಿ. ಮೂರು ವರ್ಷದ ಟ್ಯಾಕ್ಸಿಯ ಬ್ಯಾಟರಿ ಸ್ಥಿತಿ ಕೇಳಿ ಮನೆಯ ಕಾರು ಕೊಳ್ಳುವುದನ್ನು ಬಿಟ್ಟವರು ತಪ್ಪು ಹೋಲಿಕೆ ಮಾಡಿಕೊಂಡಿದ್ದಾರೆ.

ಬಿಸಿಲಿನ ಪ್ರಭಾವಕ್ಕೆ ಜಗತ್ತು ಕಂಡ ಪಾಠ ನಿಸಾನ್ ಲೀಫ್. 2010ರ ಕೊನೆಗೆ ಬಂದ ಆ ಕಾರಿನ 24 ಯೂನಿಟ್ ಬ್ಯಾಟರಿಗೆ ತಂಪು ಮಾಡುವ ವ್ಯವಸ್ಥೆಯೇ ಇರಲಿಲ್ಲ. 2012ರಲ್ಲಿ ಅಮೆರಿಕದ ಅರಿಜೋನಾದ ಮರುಭೂಮಿ ನಗರ ಫೀನಿಕ್ಸ್‌ನಲ್ಲಿ ಒಂದೆರಡು ವರ್ಷಕ್ಕೇ ಬ್ಯಾಟರಿ ಕುಗ್ಗತೊಡಗಿ, ಮಾಲೀಕರು ದೂರು ಕೊಟ್ಟು, ಕೊನೆಗೆ ಕಂಪನಿ ಸಾಮರ್ಥ್ಯ ಕುಂದುವುದಕ್ಕೂ ವಾರಂಟಿ ಕೊಡಬೇಕಾಯಿತು. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ದುಪ್ಪಟ್ಟು ಎನ್ನುವುದು ರಸಾಯನಶಾಸ್ತ್ರದ ಅಂದಾಜಿನ ನಿಯಮ, ಬ್ಯಾಟರಿಯನ್ನು ತಿನ್ನುವ ಕ್ರಿಯೆಗಳೂ ಅದಕ್ಕೆ ಹೊರತಲ್ಲ. ಈಗಿನ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಯ ಸುತ್ತ ತಂಪು ದ್ರವ ಹರಿಯುತ್ತದೆ. ಆದರೆ ಕಾರು ಬಿಸಿಲಲ್ಲಿ ನಿಂತು ಬೀಗ ಹಾಕಿಕೊಂಡಾಗ ಆ ವ್ಯವಸ್ಥೆ ಸಾಮಾನ್ಯವಾಗಿ ಮಲಗಿರುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯಲ್ಲಿ ಕಾರು ಇಟ್ಟುಕೊಂಡವರಿಗೆ ಬೇವಿನ ಮರದ ನೆರಳು ಅಥವಾ ಒಂದು ಶೆಡ್ಡು ದುಬಾರಿ ಬಿಡಿಭಾಗದಷ್ಟೇ ಬೆಲೆಬಾಳುತ್ತದೆ. ಕೆನಡಾ, ಮಿಷಿಗನ್ ಕಡೆ ನೆಲೆಸಿದ ನಮ್ಮವರು ಚಳಿಗಾಲದಲ್ಲಿ ರೇಂಜ್ ಕುಸಿಯಿತೆಂದು ಗೋಳಾಡುವುದು ಬೇರೆಯೇ ಸಮಸ್ಯೆ. ಚಳಿ ಆ ದಿನದ ರೇಂಜನ್ನು ಕಡಿಮೆ ಮಾಡುತ್ತದೆ, ವಸಂತ ಬಂದರೆ ಅದು ಮರಳುತ್ತದೆ. ಸೆಕೆ ತಿಂದದ್ದು ಮರಳುವುದಿಲ್ಲ.

ಎಲ್‌ಎಫ್‌ಪಿ ಎಂದೆನಲ್ಲ, ಅದು ಲಿಥಿಯಂ, ಕಬ್ಬಿಣ, ಫಾಸ್ಫೇಟ್ ಬಳಸುವ ಬ್ಯಾಟರಿ. 1990ರ ದಶಕದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ಪ್ರಯೋಗಾಲಯದಿಂದ ಬಂದದ್ದು. ಲಿಥಿಯಂ ಬ್ಯಾಟರಿಗಳ ಮೇಲಿನ ಕೆಲಸಕ್ಕೆ 2019ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಸಿಕ್ಕಾಗ ಅವರಿಗೆ 97 ವರ್ಷ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ ಬ್ಯಾಟರಿ ಅದೇ ತೂಕದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತದೆ. ಎಲ್‌ಎಫ್‌ಪಿ ಸ್ವಲ್ಪ ಭಾರ, ಆದರೆ ಅಗ್ಗ, ಬಾಳಿಕೆ ಹೆಚ್ಚು, ಬೆಂಕಿ ಹತ್ತುವ ಅಪಾಯ ಕಡಿಮೆ. 2020ರ ಮೊದಲ ನೆಕ್ಸಾನ್ ಇವಿಯಿಂದ ಹಿಡಿದು ಮಹೀಂದ್ರದ ಬಿಇ 6ರವರೆಗೆ ನಮ್ಮ ಕಂಪನಿಗಳು ಹೆಚ್ಚಾಗಿ ಇದನ್ನೇ ಆರಿಸಿಕೊಂಡಿವೆ. ನಮ್ಮ ಹವೆಗೆ ಅದು ಸರಿಯಾದ ಆಯ್ಕೆ.

ಎಲ್‌ಎಫ್‌ಪಿಗೆ ಒಂದು ವಿಚಿತ್ರ ಸ್ವಭಾವವಿದೆ. ಶೇ 80 ಇರಲಿ, 30 ಇರಲಿ, ಅದರ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಎಷ್ಟು ಉಳಿದಿದೆ ಎಂದು ವೋಲ್ಟೇಜ್ ನೋಡಿ ಹೇಳಲಾಗದೆ ಕಂಪ್ಯೂಟರು ಒಳಬಂದ, ಹೊರಹೋದ ಕರೆಂಟನ್ನು ಎಣಿಸುತ್ತಾ ಕೂರುತ್ತದೆ, ದಿನ ಕಳೆದಂತೆ ಎಣಿಕೆ ತಪ್ಪುತ್ತದೆ. ಶೇ 15 ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ 5ಕ್ಕೆ ಜಿಗಿಯುವುದು ಇದರಿಂದಲೇ. ವಾರ, ಹದಿನೈದು ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಎಣಿಕೆ ಸರಿಹೋಗುತ್ತದೆ. ಎನ್‌ಎಂಸಿ ಇರುವ ಕಾರಿಗೆ ದಿನನಿತ್ಯ ಶೇ 80 ಸಾಕು, ದೂರ ಹೋಗುವ ಹಿಂದಿನ ರಾತ್ರಿ ಮಾತ್ರ ನೂರು. ಎರಡಕ್ಕೂ ಸಲ್ಲುವ ಮಾತೊಂದಿದೆ. ಮಕ್ಕಳನ್ನು ನೋಡಲು ಮೂರು ತಿಂಗಳು ಅಮೆರಿಕಕ್ಕೆ ಹೊರಟ ಅಪ್ಪ-ಅಮ್ಮಂದಿರು, ‘ಬಂದ ತಕ್ಷಣ ಬೇಕಾಗುತ್ತೆ’ ಎಂದು ಕಾರನ್ನು ನೂರಕ್ಕೆ ಚಾರ್ಜ್ ಮಾಡಿ ಮುಚ್ಚಿಟ್ಟು ಹೋಗುತ್ತಾರೆ. ತುಂಬಿದ ಬ್ಯಾಟರಿ, ಬೇಸಿಗೆ, ಮೂರು ತಿಂಗಳು: ಮೂರೂ ಸೇರಿದರೆ ಆ ಪದರ ಬೇಗ ಬೆಳೆಯುತ್ತದೆ. ಅರ್ಧ ಚಾರ್ಜಿನಲ್ಲಿ, ನೆರಳಿನಲ್ಲಿ ಬಿಟ್ಟುಹೋಗಿ. ವಾಪಸ್ ಬಂದಾಗ ಕಾರು ಏಳದಿದ್ದರೆ ಗಾಬರಿ ಬೇಡ, ಹೆಚ್ಚಿನ ಸಲ ಮಲಗಿರುವುದು ದೊಡ್ಡ ಬ್ಯಾಟರಿಯಲ್ಲ. ದೀಪ, ಬೀಗ, ಕಂಪ್ಯೂಟರಿಗೆಂದು ಬೇರೆ ಇರುವ 12 ವೋಲ್ಟಿನ ಸಣ್ಣ ಬ್ಯಾಟರಿ.

ಇಷ್ಟೆಲ್ಲ ಹೇಳಿದ ಮೇಲೆ ಉಳಿಯುವ ದೊಡ್ಡ ಕೊರತೆ ಹಳೆಯ ಕಾರಿನ ಪೇಟೆಯಲ್ಲಿದೆ. ವಾರಂಟಿ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ‘ಲೈಫ್‌ಟೈಮ್’ ಎಂದು ಘೋಷಿಸಿದ ಕಡೆ ಅದರ ಪೂರ್ತಿ ಫಲ ಮೊದಲ ಮಾಲೀಕರಿಗೆ. ಐದು ವರ್ಷದ ಕಾರು ಕೊಳ್ಳಲು ಬಂದವರಿಗೆ ಬ್ಯಾಟರಿಯಲ್ಲಿ ಶೇ 92 ಉಳಿದಿದೆಯೋ 78 ಉಳಿದಿದೆಯೋ ಗೊತ್ತಾಗುವ, ಎಲ್ಲ ಕಂಪನಿಗೂ ಒಂದೇ ಆದ ಪ್ರಮಾಣಪತ್ರ ನಮ್ಮಲ್ಲಿಲ್ಲ. ಗೊತ್ತಿಲ್ಲದ್ದಕ್ಕೆ ಜನ ಹೆದರುತ್ತಾರೆ, ಹೆದರಿದ್ದರಿಂದ ಮರುಮಾರಾಟದ ಬೆಲೆ ಬೀಳುತ್ತದೆ, ಚೆನ್ನಾಗಿ ನೋಡಿಕೊಂಡವರಿಗೂ ಅದೇ ಗತಿ. ಯುರೋಪಿಯನ್ ಒಕ್ಕೂಟದಲ್ಲಿ 2027ರ ಫೆಬ್ರುವರಿಯಿಂದ ವಾಹನಗಳ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ ಎಂದು ಕಾನೂನು ಮಾಡಿದ್ದಾರೆ. ಐದು ವರ್ಷ ಅಥವಾ ಒಂದು ಲಕ್ಷ ಕಿ.ಮೀ.ಗೆ ಶೇ 80, ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ ಶೇ 70 ಉಳಿಯಲೇಬೇಕು ಎಂಬ ಮಾನದಂಡವನ್ನು ವಿಶ್ವಸಂಸ್ಥೆಯ ವೇದಿಕೆ 2022ರಲ್ಲೇ ಒಪ್ಪಿದೆ. ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಹಳೆಯ ವಾಹನದ ಆರ್‌ಸಿ ಬದಲಾಯಿಸುವಾಗ ಬ್ಯಾಟರಿಯ ಆರೋಗ್ಯವನ್ನೂ ದಾಖಲಿಸುವ ಕೆಲಸವನ್ನು ಕರ್ನಾಟಕವೇ ಮುಂದಾಗಿ ಕೇಳಬೇಕು, ಕೇಂದ್ರದ ಮುಂದೆ ಇಡಬೇಕು.

ಅಲ್ಲಿಯವರೆಗೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕೊಳ್ಳಬೇಕೆಂದಿರುವ ಕಾರನ್ನು ಹಿಂದಿನ ದಿನ ನೂರಕ್ಕೆ ಚಾರ್ಜ್ ಮಾಡಿಸಿಡಲು ಹೇಳಿ, ಎಲ್‌ಎಫ್‌ಪಿ ಆದರೆ ಇದು ಕಡ್ಡಾಯ. ಟ್ರಿಪ್ ಮೀಟರ್ ಸೊನ್ನೆ ಮಾಡಿ ಶೇ 30ಕ್ಕೆ ಬರುವವರೆಗೆ ಓಡಿಸಿ. ಒಂದು ದಿನ ಹಿಡಿಯುತ್ತದೆ, ಇರಲಿ. ಪರದೆಯ ಮೇಲೆ ಕಿಲೋಮೀಟರಿಗೆ ಸರಾಸರಿ ಎಷ್ಟು ವ್ಯಾಟ್-ಅವರ್ (ಸಾವಿರ ಸೇರಿದರೆ ಒಂದು ಯೂನಿಟ್) ಖರ್ಚಾಯಿತೆಂದು ತೋರಿಸುತ್ತದೆ. 200 ಕಿ.ಮೀ. ಓಡಿ ಸರಾಸರಿ 140 ಬಂದರೆ ಖರ್ಚಾದದ್ದು 28 ಯೂನಿಟ್. 45 ಯೂನಿಟ್ಟಿನ ಹೊಸ ಬ್ಯಾಟರಿಯಾದರೆ ಶೇ 70 ಇಳಿಯುವಷ್ಟರಲ್ಲಿ 31.5 ಯೂನಿಟ್ ಕೊಡಬೇಕಿತ್ತು. 28ನ್ನು 31.5ರಿಂದ ಭಾಗಿಸಿ: ಶೇ 89. ಬೆಲೆಯ ಮಾತುಕತೆಯನ್ನು ಆ 89ರಿಂದ ಶುರು ಮಾಡಿ.